ಎರಡು ಬೀದಿಯ ಕರೆಂಟು

ಮೂರನೇ ಸಲವೂ ಅರ್ಜಿ ವಾಪಸ್ಸು ಬಂದಾಗ ವಿಶಾಲಮ್ಮ ಮನೆಗೆ ಹೋಗಲಿಲ್ಲ. ವಿದ್ಯುತ್ ಕಚೇರಿಯ ಬೆಂಚಿನ ಮೇಲೆ ಕೂತೇಬಿಟ್ಟರು. ಚಾಮರಾಜಪೇಟೆಯಲ್ಲಿ ಅವರದು ಹಿಟ್ಟಿನ ಮಿಲ್ಲು. ಸಾರಿನಪುಡಿ, ಹುಳಿಪುಡಿಗೆಂದು ತಂದ ಎರಡನೇ ಮಷಿನ್ನು ಒಂದೂವರೆ ವರ್ಷದಿಂದ ಗೋಣಿಚೀಲ ಹೊದ್ದು ನಿಂತಿತ್ತು.

“ನಿಮ್ಮ ಬೀದಿ ಟ್ರಾನ್ಸ್‌ಫಾರ್ಮರ್ ಫುಲ್ ಆಗಿದೆಯಮ್ಮ, ಹೊಸ ಲೋಡ್ ಕೊಡಕ್ಕಾಗಲ್ಲ,” ಎಂದ ಗುಮಾಸ್ತ.

“ಯಾರು ಬಂದು ನೋಡಿದ್ರು? ಹೆಸರು ಹೇಳಿ, ಎದ್ದು ಹೋಗ್ತೀನಿ.”

ಯಾರೂ ನೋಡಿರಲಿಲ್ಲ. ತಿಂಗಳ ಹಿಂದಷ್ಟೇ ಅಲ್ಲಿಗೆ ವರ್ಗವಾಗಿ ಬಂದಿದ್ದ ಎಂಜಿನಿಯರ್ ಮಹಾನಂದ ಒಳಕೋಣೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ಹೊರಗೆ ಬಂದು, “ನಡೀರಿ, ನಾನು ನೋಡ್ತೀನಿ,” ಎಂದಳು.

ಒಂದು ವಾರ ಮೀಟರು ಕಟ್ಟಿ ಅಳೆದಳು. ಮಿಲ್ಲಿನ ಬೀದಿಯ ಟ್ರಾನ್ಸ್‌ಫಾರ್ಮರ್ ಹಗಲೆಲ್ಲ ಏದುಸಿರು ಬಿಡುತ್ತಿತ್ತು, ಸಂಜೆಯಾದರೆ ಆರಾಮಾಗಿರುತ್ತಿತ್ತು. ಎರಡು ಬೀದಿ ಆಚೆ ಬರೀ ಮನೆಗಳು. ಅಲ್ಲಿನದು ಹಗಲು ಅರ್ಧ ಖಾಲಿ. ಸಂಜೆ ಏರ್‌ಕಂಡೀಷನರು, ಎಲೆಕ್ಟ್ರಿಕ್ ಸ್ಕೂಟರುಗಳ ಚಾರ್ಜಿಂಗು ಶುರುವಾದರೆ ಟ್ಯೂಬ್‌ಲೈಟುಗಳೇ ಮಂಕಾಗುತ್ತಿದ್ದವು.

ಇವೆರಡನ್ನೂ ಬರೀ ಕೇಬಲ್ ಎಳೆದು ಜೋಡಿಸಿದರೆ ಒಂದು ಕಡೆಯ ತೊಂದರೆ ಇನ್ನೊಂದು ಕಡೆಗೂ ನುಗ್ಗುತ್ತದೆ. ಆದರೆ ಅದಕ್ಕೆಂದೇ ಇರುವ ಯಂತ್ರವೊಂದು ಕಚೇರಿಯ ಸ್ಟೋರಿನಲ್ಲಿ ಬಿದ್ದಿತ್ತು. ಒಂದು ಕಡೆಯ ಎಸಿ ಕರೆಂಟನ್ನು ಡಿಸಿ ಮಾಡಿ, ಮತ್ತೆ ಎಸಿಯಾಗಿಸಿ, ಬೇಕಾದಷ್ಟನ್ನು ಮಾತ್ರ ಬೇಕಾದ ಕಡೆಗೆ ದಾಟಿಸುವ ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಪ್ರಯೋಗಕ್ಕೆಂದು ತರಿಸಿದ್ದರು. ಸಹಿ ಹಾಕುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಅದನ್ನು ಎರಡು ಬೀದಿಗಳ ನಡುವೆ ಕೂರಿಸಬೇಕೆಂದು ಮಹಾನಂದ ಬರೆದ ಫೈಲನ್ನು ಮೇಲಧಿಕಾರಿ ಬಸವಪ್ರಭು ಬಿಚ್ಚಲೂ ಇಲ್ಲ. “ಮೂರನೇ ಟ್ರಾನ್ಸ್‌ಫಾರ್ಮರಿಗೆ ಅಂಗನವಾಡಿ ಅಂಗಳದಲ್ಲಿ ಜಾಗ ಗುರುತು ಮಾಡಿದೀವಮ್ಮ. ಮಿಲ್ಲಿನವರು ಇನ್ನೆರಡು ವರ್ಷ ಕಾಯ್ಲಿ.”

“ಮಕ್ಕಳು ಆಡೋ ಜಾಗ ಸರ್ ಅದು.”

“ಆ ಪೆಟ್ಟಿಗೆ ಸುಟ್ಟುಹೋದ್ರೆ ಯಾರು ಹೊಣೆ?”

“ನಾನು. ಬರ್ಕೊಡ್ತೀನಿ.”

ಅಲ್ಲೇ ನಿಂತು ಬರೆದುಕೊಟ್ಟಳು. ಬಸವಪ್ರಭು ಅದನ್ನು ಎರಡು ಸಲ ಓದಿದರು. “ಒಂದು ತಿಂಗಳು. ಒಂದೇ ಒಂದು ದೂರು ಬಂದ್ರೂ ಕಿತ್ತುಹಾಕಿಸ್ತೀನಿ.”

ಯಂತ್ರ ಶುರುವಾದ ಎರಡನೇ ದಿನವೇ ದೂರು ಬಂತು. ಮನೆಗಳ ಬೀದಿಯ ಶೀನಣ್ಣ, ನಿವೃತ್ತ ಗಣಿತದ ಮೇಷ್ಟ್ರು, ಇಪ್ಪತ್ತು ಜನರ ಸಹಿ ಹಾಕಿಸಿಕೊಂಡು ಪೆಟ್ಟಿಗೆಯ ಮುಂದೆ ಬಂದು ನಿಂತರು.

“ನಮ್ಮ ಬೀದಿ ಕರೆಂಟನ್ನ ಮಿಲ್ಲಿನವರಿಗೆ ಕೊಡ್ತಿದೀರಂತೆ! ಕೇಳೋರು ಯಾರೂ ಇಲ್ಲ ಅನ್ಕೊಂಡ್ರಾ?”

ಅಷ್ಟರಲ್ಲಿ ಫೋನು. ದೂರಿನ ಪ್ರತಿ ಬಸವಪ್ರಭು ಅವರ ಕೈಗೂ ಸೇರಿತ್ತು. “ಆಫ್ ಮಾಡಿ. ಈಗ್ಲೇ.”

ಮಹಾನಂದ ಪೆಟ್ಟಿಗೆಯ ಪರದೆಯತ್ತ ನೋಡಿದಳು. “ಆರ್ಡರ್ ಬರವಣಿಗೇಲಿ ಕಳ್ಸಿ ಸರ್. ಅಲ್ಲೀವರ್ಗೂ ಆಫ್ ಮಾಡಲ್ಲ,” ಎಂದು ಫೋನಿಟ್ಟಳು. ಶೀನಣ್ಣನವರ ಕಡೆ ತಿರುಗಿದಳು.

“ಮೇಷ್ಟ್ರೇ, ನನ್ನ ಮಾತು ನಂಬಬೇಡಿ. ಸಂಜೆವರೆಗೂ ಇಲ್ಲೇ ಕೂತು ನೀವೇ ಬರ್ಕೊಳ್ಳಿ.”

“ಕೂರ್ತೀನಿ. ನಂಗೇನು ಭಯಾನಾ?”

ವಿಶಾಲಮ್ಮ ಮಿಲ್ಲಿನಿಂದ ಕುರ್ಚಿ ತಂದು ಹಾಕಿದರು. ಅರ್ಧ ಗಂಟೆಗೊಮ್ಮೆ ಶೀನಣ್ಣ ಪರದೆಯ ಮೇಲಿನ ಅಂಕಿಗಳನ್ನು ದೂರಿನ ಹಾಳೆಯ ಹಿಂಬದಿಗೆ ಬರೆದುಕೊಂಡರು. ಕರೆಂಟು ಹರಿಯುವ ದಿಕ್ಕಿನ ಬಾಣದ ಗುರುತು ಹಗಲೆಲ್ಲ ಮಿಲ್ಲಿನ ಕಡೆಗೇ ತೋರಿಸುತ್ತಿತ್ತು. ಅವರ ಮುಖ ಬಿಗಿದೇ ಇತ್ತು. ಆರೂಕಾಲಿಗೆ ಮಿಲ್ಲು ಮುಚ್ಚಿತು. ಅಂಕಿ ಇಳಿಯುತ್ತ ಸೊನ್ನೆಗೆ ಬಂತು. ಏಳಕ್ಕೆ ಬಾಣ ತಿರುಗಿ ಅವರ ಬೀದಿಯತ್ತ ಮುಖ ಮಾಡಿತು.

ಶೀನಣ್ಣ ಕನ್ನಡಕ ಒರೆಸಿ ಮತ್ತೆ ನೋಡಿದರು. ಹೆಂಡತಿಗೆ ಫೋನ್ ಮಾಡಿದರು. “ಭಾಗೀರಥಿ, ಟ್ಯೂಬ್‌ಲೈಟ್ ಹೇಗಿದೆ?”

“ಏನಾಗಿದೆ ಅದಕ್ಕೆ? ಚೆನ್ನಾಗೇ ಉರೀತಿದೆ.”

ಮಾರನೆಯ ಬೆಳಿಗ್ಗೆ ಅವರು ಅದೇ ಹಾಳೆ ಹಿಡಿದು ಬಸವಪ್ರಭು ಅವರ ಮುಂದೆ ಕೂತಿದ್ದರು. “ಈ ದೂರು ವಾಪಸ್ ತಗೊಂಡಿದೀನಿ. ಆ ಪೆಟ್ಟಿಗೆ ಕಿತ್ತರೆ ಹೊಸ ದೂರು ಬರೀತೀನಿ. ಇಪ್ಪತ್ತಲ್ಲ, ಇನ್ನೂರು ಸಹಿ ಹಾಕಿಸ್ತೀನಿ.”

ಲಿಖಿತ ಆದೇಶ ಬರಲೇ ಇಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ವಿಶಾಲಮ್ಮನ ಎರಡನೇ ಮಷಿನ್ನಿಗೆ ಮಂಜೂರಾತಿ ಸಿಕ್ಕಿತು. ಅಂಗನವಾಡಿ ಅಂಗಳದ ಪ್ರಸ್ತಾವ ರದ್ದಾಯಿತು. ಮಹಾನಂದಳಿಗೆ ಮಾತ್ರ, ಮೇಲಧಿಕಾರಿಯ ಮಾತು ಮೀರಿದ್ದಕ್ಕೆ ಕಾರಣ ಕೇಳಿ ನೋಟಿಸು ಬಂತು.

“ಒಂದ್ಸಲ ಕ್ಷಮೆ ಕೇಳಿ ಮುಗಿಸ್ಬಿಡಿ ಮೇಡಂ,” ಎಂದರು ಸಹೋದ್ಯೋಗಿಗಳು.

ಅವಳು ಮೂರು ತಿಂಗಳ ಅಂಕಿಅಂಶಗಳನ್ನು ಲಗತ್ತಿಸಿ ಉತ್ತರ ಬರೆದಳು. ಕ್ಷಮೆಯ ಮಾತು ಎಲ್ಲೂ ಇರಲಿಲ್ಲ. ಕೊನೆಯ ಸಾಲಿನಲ್ಲಿ ಪಕ್ಕದ ಕಾಟನ್‌ಪೇಟೆಗೆ ಇಂಥವೇ ಇನ್ನೆರಡು ಯಂತ್ರ ಬೇಕೆಂದು ಕೇಳಿದ್ದಳು.

ಬಸವಪ್ರಭು ಓದಿ ತಲೆಯೆತ್ತಿದರು. “ಇದೇನಮ್ಮ, ನೋಟಿಸಿಗೆ ಉತ್ತರಾನಾ, ಹೊಸ ಅರ್ಜೀನಾ?”

“ಎರಡೂ ಸರ್,” ಎಂದಳು ಮಹಾನಂದ.