ಹಿಂಬಾಗಿಲಿಲ್ಲದ ಮಾಳಿಗೆ

ಮೊಯ್ದಿನಬ್ಬ ಪುತ್ತೂರಿನಲ್ಲಿ ಮೂರು ಮಾಳಿಗೆಯ ಬಿಲ್ಡಿಂಗ್ ಕಟ್ಟಿಸಿದ ವರ್ಷ, ಗುತ್ತಿಗಾರು, ಆಲಂಕಾರಿನ ಕಡೆಯಿಂದ ಕೋರ್ಟಿಗೆ ಬಂದವರು ಕೇಸು ಮುಂದೆ ಹೋದರೂ ಬೇಸರಿಸದೆ ಅದನ್ನೊಮ್ಮೆ ನೋಡಿಕೊಂಡು ಬಸ್ಸು ಹತ್ತುತ್ತಿದ್ದರು. ನೋಡುವಂಥದ್ದು ಅದರಲ್ಲಿ ಏನೂ ಇಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಹೆಂಚಿಲ್ಲ, ಜಗಲಿಯಿಲ್ಲ, ಕಂಬದಲ್ಲಿ ಒಂದು ಹೂವಿನ ಕೆತ್ತನೆ ಕೂಡ ಇಲ್ಲ. ಅಂಗಡಿಯಲ್ಲಿ ಸಾಬೂನಿನ ಪೆಟ್ಟಿಗೆ ಪೇರಿಸಿಟ್ಟ ಹಾಗೆ ಮನೆಯ ಮೇಲೆ ಮನೆ. ಎಲ್ಲದಕ್ಕೂ ಒಂದೇ ಹಸಿರು ಬಾಗಿಲು, ಒಂದೇ ಅಳತೆಯ ಕಿಟಕಿ. ಮಂಗಳೂರಿನ ಇಂಜಿನಿಯರು ಒಂದೇ ಮನೆಯ ನಕ್ಷೆ ಬರೆದು, ಉಳಿದವಕ್ಕೆಲ್ಲ ‘ಇದೇ ಪ್ರಕಾರ’ ಎಂದು ಷರಾ ಹಾಕಿ ಊಟಕ್ಕೆ ಎದ್ದನಂತೆ.

ಕೆಳಗೆ ಅಂಗಡಿಗಳು, ನಡುವಿನ ಮಾಳಿಗೆಯಲ್ಲಿ ಬಾಡಿಗೆಯವರು, ಮೇಲಿನ ಮಾಳಿಗೆಯಲ್ಲಿ ಸ್ವತಃ ಮೊಯ್ದಿನಬ್ಬ, ಅವನ ಹೆಂಡತಿ ಕದೀಜಮ್ಮ. ನಮಾಜಿನ ಪಳ್ಳಿಯ ಹಿಂದಿನ ಓಣಿಯಲ್ಲಿದ್ದ ಅವರ ಹಳೆಯ ಮನೆ ಈಗ ಅಡಿಕೆಯ ಗೋದಾಮು. ಕಂಡವರನ್ನೆಲ್ಲ ಮೊಯ್ದಿನಬ್ಬ ಮೇಲಕ್ಕೆ ಕರೆದು ನಲ್ಲಿ ತಿರುಗಿಸಿ ತೋರಿಸುತ್ತಿದ್ದ. ಇಷ್ಟು ಎತ್ತರಕ್ಕೆ ನೀರು ತಾನಾಗಿ ಬರುವುದನ್ನು ಕಂಡು ಅಡಿಕೆ ವ್ಯಾಪಾರದವರು ತಲೆದೂಗುತ್ತಿದ್ದರು. ನೀರು ಬಂತು, ಬಾವಿಕಟ್ಟೆ ಹೋಯಿತು ಎಂಬುದು ಕದೀಜಮ್ಮನ ಲೆಕ್ಕ. ಅದನ್ನು ಕೇಳಿದವರಿಲ್ಲ.

ಆದರೆ ಅವಳ ದೊಡ್ಡ ದುಃಖ ನೀರಿನದಲ್ಲ, ಬಾಗಿಲಿನದು. ಓಣಿಯ ಮನೆಗಳಿಗೆ ಮುಂದೊಂದು, ಹಿಂದೊಂದು ಬಾಗಿಲು. ಮುಂದಿನದು ಗಂಡಸರಿಗೆ ಮತ್ತು ವ್ಯಾಪಾರಕ್ಕೆ. ಹೆಂಗಸರ ಲೋಕವೆಲ್ಲ ಅಡುಗೆಮನೆಯ ಹಿಂಬಾಗಿಲಲ್ಲಿ ಓಡಾಡುತ್ತಿತ್ತು. ಹೆಣ್ಣಿಗೆ ಮುಂಬಾಗಿಲು ಎರಡೇ ಸಲ ಎಂದು ಅವಳ ಅತ್ತೆ ಹೇಳುತ್ತಿದ್ದರು: ಮದುಮಗಳಾಗಿ ಒಳಗೆ ಬರಲು, ಮಯ್ಯತ್ತಾಗಿ ನಾಲ್ವರ ಹೆಗಲ ಮೇಲೆ ಹೊರಗೆ ಹೋಗಲು. ಇಂಜಿನಿಯರು ಈ ಮಾತು ಕೇಳಿದವನಲ್ಲ. ಒಂದು ಮನೆಗೆ ಒಂದು ಬಾಗಿಲು ಸಾಕೆಂದು ಅವನ ಶಾಸ್ತ್ರ. ಆ ಒಂದು ಬಾಗಿಲು ನೇರ ಚಾವಡಿಗೆ ತೆರೆಯುತ್ತಿತ್ತು, ಚಾವಡಿಯಲ್ಲಿ ಬೆಳಗಿನಿಂದ ಕತ್ತಲೆಯವರೆಗೆ ಗಂಡಸರು. ಹಿಂದೊಂದು ಬಾಗಿಲು ಬೇಕೆಂದು ಕದೀಜಮ್ಮ ಕೇಳಿಯೂ ನೋಡಿದಳು.

“ಈ ಮಾಳಿಗೆಯಲ್ಲಿ ಹಿಂಬಾಗಿಲು ತೆಗ್ದು ನೀನು ಕಾಲು ಇಡುದು ಎಲ್ಲಿಗೆ ಮಾರಾಯ್ತಿ?” ಎಂದು ಮೊಯ್ದಿನಬ್ಬ ನಕ್ಕ. ಚಾವಡಿಯವರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು.

ಓಣಿಯಲ್ಲಿ ಅವಳ ಹಿಂಬಾಗಿಲಿಗೆ ಎದುರಾಗಿದ್ದದ್ದು ನಫೀಸಮ್ಮನ ಹಿಂಬಾಗಿಲು. ಮದುವೆಯಾಗಿ ಬಂದಂದಿನಿಂದ ಇಬ್ಬರೂ ದಿನಕ್ಕೊಮ್ಮೆ ಜಗಳಾಡುತ್ತಿದ್ದರು, ಜಗಳ ತಪ್ಪಿದ ದಿನ ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಿದ್ದರು. ಕದೀಜಮ್ಮ ಮಾಳಿಗೆಗೆ ಬಂದ ಮೇಲೆ ನಫೀಸಮ್ಮ ಒಮ್ಮೆಯೂ ಬಂದಿರಲಿಲ್ಲ. ಬರುತ್ತೇನೆಂದು ಹೇಳಿ ಕಳಿಸುತ್ತಿದ್ದಳು, ಅಷ್ಟೆ. ಹೋಗೋಣವೆಂದರೆ ಇವಳೂ ಚಾವಡಿ ದಾಟಬೇಕು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದದ್ದು ಬಿಲ್ಡಿಂಗಿನದೇ ಇನ್ನೊಂದು ಗೋಡೆ, ಅದರಲ್ಲಿ ಇದೇ ಪ್ರಕಾರದ ಕಿಟಕಿಗಳು.

ಹೀಗಿರುವಾಗ ನಫೀಸಮ್ಮ ಗಂಡನ ಜೊತೆ ಹಜ್ಜಿಗೆ ಹೊರಟಳೆಂಬ ಸುದ್ದಿ ಬಂತು. ಮಂಗಳೂರಿಗೆ ಜೀಪು, ಅಲ್ಲಿಂದ ಬೊಂಬಾಯಿ, ಆಮೇಲೆ ಹಡಗು. ಆ ಕಾಲದಲ್ಲಿ ಹೋದವರೆಲ್ಲ ಮರಳಿ ಬರುತ್ತಿರಲಿಲ್ಲ. ವಯಸ್ಸಾದವರಲ್ಲಿ ಕೆಲವರು ಅಲ್ಲಿಯೇ ಮಣ್ಣಾಗುತ್ತಿದ್ದರು, ಅದನ್ನು ಪುಣ್ಯವೆಂದೇ ಎಣಿಸುತ್ತಿದ್ದರು. ಆದ್ದರಿಂದ ಹೊರಡುವವರು ಗುರುತಿನವರ ಮನೆಮನೆಗೆ ಹೋಗಿ, ಆಡಿದ ಮಾತು, ಮಾಡಿದ ತಪ್ಪು ಎಲ್ಲ ಮನ್ನಿಸಿ ಬಿಟ್ಟುಬಿಡಿ ಎಂದು ಕೇಳಿಕೊಂಡೇ ಹೋಗಬೇಕು. ಕದೀಜಮ್ಮನಿಗೆ ಸಂತೋಷವಾಯಿತು. ಇನ್ನು ನಫೀಸಾ ಬಾರದೆ ಉಪಾಯವಿಲ್ಲ. ಅವಳಿಗೆ ಬಡಿಸಲೆಂದು ಅಕ್ಕಿಯ ಪತ್ತಿರ್ ರೊಟ್ಟಿ ತಟ್ಟಿದಳು, ತೆಳ್ಳಗೆ. ಯಾವುದೋ ಮದುವೆಯಲ್ಲಿ ಇವಳ ಪತ್ತಿರನ್ನು ಚಪ್ಪಲಿಯ ಅಟ್ಟೆಗೆ ಹೋಲಿಸಿ ಓಣಿಯಿಡೀ ನಗಿಸಿದವಳು ನಫೀಸಮ್ಮನೇ. ಅದನ್ನಂತೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಸ್ವಲ್ಪ ಕಾಡಿಸಿಯೇ ಬಿಡುವುದೆಂದು ಅವಳು ಹಿಟ್ಟು ತಟ್ಟುತ್ತ ನಿಶ್ಚಯಿಸಿದ್ದಳು.

ಪತ್ತಿರ್ ತಟ್ಟಿದ ದಿನ ನಫೀಸಮ್ಮ ಬರಲಿಲ್ಲ. ಮರುದಿನವೂ ಇಲ್ಲ. ಹೊರಡುವ ದಿನ ಮಧ್ಯಾಹ್ನದ ಹೊತ್ತಿಗೆ ಬಂದವಳು ವಸುಮತಿ. ನಡುವಿನ ಮಾಳಿಗೆಯಲ್ಲಿ, ಸರಿಯಾಗಿ ಕದೀಜಮ್ಮನ ಅಡುಗೆಮನೆಯ ಕೆಳಗೆ ಅಡುಗೆ ಮಾಡುತ್ತಿದ್ದ ಮೇಷ್ಟ್ರ ಹೆಂಡತಿ. ಚಾವಡಿಯ ಕಟ್ಟುಪಾಡು ಅವಳಿಗಿಲ್ಲ. ಗಂಡಸರ ನಡುವೆ ಸೆರಗು ಸರಿಪಡಿಸಿಕೊಂಡು ನೇರ ಒಳಗೆ ಬಂದಳು.

“ಕದೀಜಮ್ಮ, ನಿಮಗೆ ಸಲ್ಲಬೇಕಾದ್ದು ಒಂದು ನನಗೆ ಸಂದುಹೋಯ್ತು,” ಎಂದಳು.

ನಡೆದದ್ದು ಇಷ್ಟು. ಬೆಳಗ್ಗೆ ಒಬ್ಬ ಹೆಂಗಸು ಮೈತುಂಬ ಹೊದ್ದುಕೊಂಡು ನಡುವಿನ ಮಾಳಿಗೆಯ ಹಸಿರು ಬಾಗಿಲು ತಳ್ಳಿ, ತಲೆಯೆತ್ತದೆ ಅಡುಗೆಮನೆಗೆ ನಡೆದು, ಒಲೆಯ ಮುಂದೆ ಬಗ್ಗಿದ್ದ ವಸುಮತಿಯ ಕೈ ಹಿಡಿದು ಅಳಲು ತೊಡಗಿದ್ದಾಳೆ. ಮಾತು ಬ್ಯಾರಿ ಭಾಷೆಯದು. ವಸುಮತಿಗೆ ಅರ್ಧ ತಿಳಿಯಿತು, ಆದರೆ ಅಳುವವರನ್ನು ನಡುವೆ ನಿಲ್ಲಿಸುವುದು ಹೇಗೆ? ಎಲ್ಲ ಮುಗಿದು ಮುಖ ಎತ್ತಿದಾಗ ಇಬ್ಬರೂ ಬೆಚ್ಚಿದರು. ನಿಮ್ಮ ಗೆಳತಿಯ ಮನೆ ಇನ್ನೊಂದು ಮಾಳಿಗೆ ಮೇಲೆ ಎಂದು ಮೆಟ್ಟಿಲು ಹತ್ತಿಸಿದರೆ, ಬಾಗಿಲ ಹೊರಗೆ ಗಂಡಸರ ಚಪ್ಪಲಿಯ ರಾಶಿ. ನಫೀಸಮ್ಮ ಅಲ್ಲಿಂದಲೇ ತಿರುಗಿದಳು.

“ಕೇಳಿದೆ ಅಂತ ಹೇಳು, ಬಿಟ್ಟಿದಾಳೆ ಅಂತ ತಿಳ್ಕೊಳ್ತೇನೆ ಅಂದ್ರು. ಜೀಪು ಇನ್ನೂ ಓಣಿಯ ಬಾಯಲ್ಲೇ ಉಂಟು, ನಮ್ಮ ಚಾವಡಿಯ ಕಿಟಕಿಯಿಂದ ಕಾಣ್ತದೆ.”

ಆ ದಿನವೂ ಪತ್ತಿರ್ ತಟ್ಟುತ್ತಿದ್ದ ಕದೀಜಮ್ಮ ಹಿಟ್ಟಿನ ಕೈ ತೊಳೆಯಲಿಲ್ಲ. ಮೇಲುವಸ್ತ್ರ ಎಳೆದುಕೊಂಡು ಚಾವಡಿಗೆ ಬಂದಳು. ಮೊಯ್ದಿನಬ್ಬ ಅಡಿಕೆಯೊಂದನ್ನು ಹಲ್ಲಿನಲ್ಲಿ ಕಚ್ಚಿ ಪರೀಕ್ಷಿಸುತ್ತಿದ್ದ, ಕಚ್ಚಿದಂತೆಯೇ ಉಳಿದ. ವ್ಯಾಪಾರಿಗಳು ಕಾಲು ಮಡಚಿ ದಾರಿ ಬಿಟ್ಟರು, ನೆಲ ನೋಡಿದರು. ಇಷ್ಟು ದಿನ ದಾಟಲಾರದೆ ಕೂತ ಚಾವಡಿ ನಾಲ್ಕು ಹೆಜ್ಜೆಯದು ಎಂದು ಮೆಟ್ಟಿಲಿಳಿಯುವಾಗ ಅವಳಿಗೆ ಹೊಳೆಯಿತು. ಖುಷಿಗಿಂತ ಹೆಚ್ಚು ಸಿಟ್ಟೇ ಬಂತು.

ಜೀಪಿನ ಹಿಂದೆ ಗಂಟುಗಳ ನಡುವೆ ನಫೀಸಮ್ಮ ಕೂತಿದ್ದಳು. ಸುತ್ತ ಓಣಿಯ ಹೆಂಗಸರು.

“ನಿನ್ನದು ಎಂತ ಮನೆ ಮಾರಾಯ್ತಿ? ಎಲ್ಲ ಬಾಗಿಲೂ ಒಂದೇ. ಮೇಷ್ಟ್ರ ಹೆಂಡತಿಯ ಹತ್ರ ಪತ್ತಿರಿನ ವಿಷಯ ಸಹ ಹೇಳಿ ಅತ್ತುಬಿಟ್ಟೆ,” ಎಂದಳು ಅವಳು.

“ಅವಳು ಬಿಟ್ಟಿರಬಹುದು, ನಾನು ಬಿಡ್ಲಿಲ್ಲ,” ಎಂದಳು ಕದೀಜಮ್ಮ. “ಬೇರೆ ಎಲ್ಲ ಬಿಟ್ಟೆ. ಪತ್ತಿರಿನದ್ದು ಬಾಕಿ. ಬಂದು, ನನ್ನ ಚಾವಡಿ ದಾಟಿ, ಒಳಗೆ ಕೂತು ಕೇಳು.”

ಸುತ್ತಲಿನವರು ನಾಲಗೆ ಕಚ್ಚಿಕೊಂಡರು. ಹಜ್ಜಿಗೆ ಹೊರಟವಳಿಗೆ ಹೀಗೆ ಹೇಳುವುದುಂಟೇ? ನಫೀಸಮ್ಮ ಮಾತ್ರ ಗಂಟುಗಳ ಮೇಲಿಂದ ಮುಂದಕ್ಕೆ ಬಾಗಿದಳು.

“ನಾನು ಬಾರದಿದ್ರೆ?”

ಅಷ್ಟರಲ್ಲಿ ಡ್ರೈವರ್ ಜೀಪು ಹೊರಡಿಸಿದ. ಆ ಗದ್ದಲದಲ್ಲಿ, ಧೂಳಿನಲ್ಲಿ, ಕದೀಜಮ್ಮ ಜೀಪಿನ ಹಿಂದೆ ಒಂದಷ್ಟು ದೂರ ಓಡಿ, ಅದನ್ನೂ ಬಿಟ್ಟೆ ನಫೀಸಾ, ಅದನ್ನೂ ಬಿಟ್ಟೆ ಎಂದಳು. ಕೇಳಿಸಿತೋ ಇಲ್ಲವೋ. ಟರ್ಪಾಲಿನ ಕೆಳಗಿಂದ ಒಂದು ಕೈ ಹೊರಗೆ ಬಂತು, ಜಗಳದಲ್ಲಿ ಆಡಿಸುತ್ತಿದ್ದ ಹಾಗೆಯೇ ಎರಡು ಸಲ ಆಡಿತು, ಒಳಗೆ ಹೋಯಿತು.

ಕೇಳಿಸಿರಲಿ ಎಂದು ಅವಳು ಬೇಡಿಕೊಂಡಳು. ಕೇಳಿಸದೇ ಇದ್ದರೆ ಆ ಬಾಕಿಗಾಗಿಯಾದರೂ ಮರಳಿ ಬಂದಾಳು ಎಂದೂ ಎಣಿಸಿದಳು. ಎರಡರಲ್ಲಿ ಯಾವುದನ್ನು ಹೆಚ್ಚು ಬಯಸಬೇಕೆಂದು ತಿಳಿಯದೆ, ಹಿಟ್ಟು ಒಣಗಿದ ಕೈಯನ್ನು ಉಜ್ಜುತ್ತ ರಸ್ತೆಯ ನಡುವೆ ನಿಂತಿದ್ದಳು.