ತರುಲತಾಬೆನ್ ಕೊಂಡ ಆನೆ

ತರುಲತಾಬೆನ್ ಆನೆ ಕೊಂಡದ್ದು ಮಧ್ಯಾಹ್ನ ಎರಡೂವರೆಗೆ, ಗಂಡ ರಮ್ಣಿಕ್‌ಲಾಲ್ ಉಯ್ಯಾಲೆಯ ಮೇಲೆ ಗೊರಕೆ ಹೊಡೆಯುತ್ತಿದ್ದಾಗ. ಆನೆಗೆ ಒಂಬತ್ತು ಲಕ್ಷ, ಅದರ ಕಬ್ಬಿಗೆ ಸಾವಿರದ ಇನ್ನೂರು. ನಾಲ್ಕು ನಿಮಿಷ ಆನೆಯ ಒಡತಿಯಾಗಿದ್ದು, ಲೆಕ್ಕದ ಪುಟ ಮುಚ್ಚಿ, ಎದ್ದು ಚಹಾಕ್ಕೆ ನೀರಿಟ್ಟಳು.

ಅಹಮದಾಬಾದಿನ ಖಾಡಿಯಾದ ಆ ಓಣಿಯಲ್ಲಿ ಆನೆ ಹೋಗಲಿ, ಎದುರುಬದುರು ಎರಡು ಸ್ಕೂಟರ್ ಬಂದರೆ ಒಂದು ಹಿಂದೆ ಸರಿಯಬೇಕು. ಆದರೆ ಲ್ಯಾಪ್‌ಟಾಪಿನಲ್ಲಿ ಜಾಗಕ್ಕೇನು ಬರ? ನಾದಿನಿಯ ಮಗಳು ಝಂಖನಾ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುವವಳು. ಮಾಮನಿಗೆಂದೇ ಮನೆಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದಳು. ದಿನದ ಖರ್ಚು ತುಂಬುವ ಕೆಲಸ ಮಾಮಿಯದು. ಹಾಲು, ಹೀರೆಕಾಯಿ, ಇಸ್ತ್ರಿಯವನು, ಇಷ್ಟು ಬರೆದು ಉಳಿಸಲು ಐದು ನಿಮಿಷ ಸಾಕು. ಆಮೇಲೆ ಅದೇ ಪುಟದ ಕೆಳಗೆ ಅವಳ ದರ್ಬಾರು ಶುರುವಾಗುತ್ತಿತ್ತು. ಒಂದು ದಿನ ತರಕಾರಿ ತರಲು ಹೆಲಿಕಾಪ್ಟರ್, ಇನ್ನೊಂದು ದಿನ ಎಂಟು ತೊಲದ ಬಳೆ. ಕೊನೆಯಲ್ಲಿ ಮಾತ್ರ ದಿನಾ ಅದೇ ಸಾಲು: "ಇವರ ಜೊತೆ ಮಾಂಡ್ವಿ ಸಮುದ್ರಕ್ಕೆ. ಬಸ್ಸು 2,400. ದಾಬೇಲಿ ಎರಡು, 50. ಸಮುದ್ರ, 0."

ಮಾಂಡ್ವಿ ಅವಳ ತವರು; ಬನ್ನಿನೊಳಗೆ ಮಸಾಲೆ ತುಂಬಿದ ದಾಬೇಲಿ ಅಲ್ಲಿಯ ತಿಂಡಿ. ಮದುವೆಯಾದ ವರ್ಷ ಒಮ್ಮೆ ಕೇಳಿದ್ದಳು. "ಮುಂದಿನ ವರ್ಷ ನೋಡೋಣ" ಅಂದಿದ್ದ ರಮ್ಣಿಕ್‌ಲಾಲ್. ಮೂವತ್ತೆಂಟು ವರ್ಷವಾಯಿತು, ಅವಳು ಮತ್ತೆ ಕೇಳಲಿಲ್ಲ.

ಪುಟ ಮುಚ್ಚುವಾಗ ಸಾಫ್ಟ್‌ವೇರ್ ಕೇಳುತ್ತಿತ್ತು: "ಬದಲಾವಣೆ ಉಳಿಸಬೇಕೇ?" ಅವಳು "ಬೇಡ" ಒತ್ತುತ್ತಿದ್ದಳು. ಅವಳನ್ನು ಏನಾದರೂ ಕೇಳಿ, ಉತ್ತರಕ್ಕೆ ಕಾದು, ಹೇಳಿದ ಹಾಗೆ ನಡೆದುಕೊಳ್ಳುತ್ತಿದ್ದದ್ದು ಆ ಮನೆಯಲ್ಲಿ ಅದೊಂದೇ.

ಕೆಡುಕಾದದ್ದು ಕರೆಂಟಿನಿಂದ. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ರಮ್ಣಿಕ್‌ಲಾಲ್ ಒಂದು ದಿನ ಕೂತು ಎರಡು ಗಂಟೆ ಔಷಧಿಯ ಬಿಲ್ಲುಗಳನ್ನು ತುಂಬಿದ್ದ; ಉಳಿಸುವ ಮೊದಲೇ ಕರೆಂಟ್ ಹೋಯಿತು. ಮನುಷ್ಯ ಊಟ ಬಿಟ್ಟ. ಝಂಖನಾ ಓಡಿ ಬಂದಳು.

"ರಿಪೇರಿ ಆಯ್ತು, ಇನ್ನು ಚಿಂತೆ ಬಿಡಿ ಮಾಮಾ. ನಿಮಿಷಕ್ಕೊಂದ್ಸಲ ತಾನೇ ಉಳಿಸ್ಕೊಳ್ಳತ್ತೆ. ಮುಚ್ಚುವಾಗ ಕೇಳೋದೂ ಇಲ್ಲ."

ತರುಲತಾಬೆನ್ ಆಗ ಅಡುಗೆಮನೆಯಲ್ಲಿ ಮಠಿಯಾ ಕರಿಯುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು "ರಿಪೇರಿ ಆಯ್ತು" ಎಂಬುದಷ್ಟೇ. ಮರುದಿನ ಪುಟ ಮುಚ್ಚಿದರೆ ಪ್ರಶ್ನೆಯೇ ಬರಲಿಲ್ಲ. 'ಇದೂ ಇವರ ಹಾಗೇ ಆಯಿತಲ್ಲ' ಎಂದು ಮನಸ್ಸಿಗೆ ಚುರುಕ್ಕೆಂದಿತು. ಆದರೆ ದಿನಾ ತೆರೆದಾಗ ಹೊಸ ಖಾಲಿ ಪುಟ ಬರುತ್ತಿದ್ದರಿಂದ, ಹಳೆಯದೆಲ್ಲ ಅಳಿಸಿಹೋಗಿದೆ ಎಂದುಕೊಂಡಳು. ಹೀಗೆ ಇಪ್ಪತ್ತೆರಡು ದಿನ ದರ್ಬಾರು ನಡೆಯಿತು.

ದೀಪಾವಳಿಯ ಅಮಾವಾಸ್ಯೆ. ಸಂಜೆ ನಾಲ್ಕರ ಮುಹೂರ್ತಕ್ಕೆ ಲೆಕ್ಕದ ಪುಸ್ತಕದ ಪೂಜೆ. ಈಗ ಪುಸ್ತಕವೆಂದರೆ ಲ್ಯಾಪ್‌ಟಾಪೇ. ಪುರೋಹಿತರಾದ ಗೋರ್ ಮಹಾರಾಜ್ ಅದರ ಬೆನ್ನಿಗೆ ಕುಂಕುಮದಲ್ಲಿ ಸ್ವಸ್ತಿಕ ಬರೆದು, ಮೇಲೊಂದು ಅಡಿಕೆ ಇಟ್ಟು ಮಂತ್ರ ಮುಗಿಸಿದರು. ನಾದಿನಿ ವಿಮುಬೆನ್ ಮಗಳ ಜೊತೆ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಪೂಜೆಯಾದ ಮೇಲೆ ತಿಂಗಳ ಖರ್ಚನ್ನು ಗಟ್ಟಿಯಾಗಿ ಓದುವುದು ಆ ಮನೆಯ ಪದ್ಧತಿ. ರಮ್ಣಿಕ್‌ಲಾಲ್ ಕನ್ನಡಕ ಏರಿಸಿದ.

"ಈ ತಿಂಗಳ ಒಟ್ಟು ಖರ್ಚು... ಮೂರು ಕೋಟಿ..."

ಮಹಾರಾಜರ ಕೈಯಲ್ಲಿದ್ದ ಪೇಡಾ ಅಲ್ಲೇ ನಿಂತಿತು.

"ಹೀರೆಕಾಯಿ, ನಲವತ್ತು. ಆನೆ ಒಂದು, ಒಂಬತ್ತು ಲಕ್ಷ. ಆನೇನಾ? ಕಬ್ಬು..."

ತರುಲತಾಬೆನ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆನೆ ಓದಲಿ, ಹೆಲಿಕಾಪ್ಟರ್ ಓದಲಿ, ನಗುವವರು ನಗಲಿ. ಆ ಕೊನೆಯ ಸಾಲೊಂದನ್ನು ಓದುವುದು ಬೇಡ ದೇವರೇ! ಆನೆ ಅವಳಿಗೆ ಬೇಕಿರಲಿಲ್ಲ. ಆ ಸಾಲು ಮಾತ್ರ ಬೇಕಾಗಿತ್ತು.

"ನಾದಿನಿ ವಿಮುಬೆನ್ ಒಂದು ದಿನ ಬಾಯಿ ಮುಚ್ಚಿಕೊಂಡಿರಲು, ಐವತ್ತು ಸಾವಿರ."

ಎಲ್ಲರೂ ವಿಮುಬೆನ್ ಮುಖ ನೋಡಿದರು.

"ಬರೀ ಐವತ್ತೇ ಸಾವಿರಾನಾ ಭಾಭಿ?" ಅಂದಳು ವಿಮುಬೆನ್. "ಅಷ್ಟಕ್ಕೆ ನನಗೆ ಗಿಟ್ಟಲ್ಲಮ್ಮ."

"ಅಳಿಸಿಬಿಡ್ಲಾ ಮಾಮಾ?" ಝಂಖನಾ ಕೈ ಚಾಚಿದಳು.

"ಮುಟ್ಬೇಡ!" ಗುಡುಗಿದ ರಮ್ಣಿಕ್‌ಲಾಲ್. ಮೂವತ್ತೈದು ವರ್ಷ ಬಟ್ಟೆ ಮಿಲ್ಲಿನ ಲೆಕ್ಕ ಬರೆದವನು. ರಬ್ಬರನ್ನು ಕೈಯಿಂದ ಮುಟ್ಟಿದವನಲ್ಲ. "ಪೂಜೆಯಾದ ಪುಸ್ತಕದಲ್ಲಿ ಅಳಿಸೋದಾ? ತಪ್ಪು ಬರೆದಿದ್ರೆ ಎದುರಿಗೆ ಉಲ್ಟಾ ಬರೀಬೇಕು."

ಹಾಗೇ ಕೂತು ಬರೆದ. "ಆನೆ ವಾಪಸ್ಸು, ಮೆಟ್ಟಿಲು ಹತ್ತದ ಕಾರಣ. ಜಮಾ ಒಂಬತ್ತು ಲಕ್ಷ." "ಹೆಲಿಕಾಪ್ಟರ್ ವಾಪಸ್ಸು, ಪಕ್ಕದ ಮನೆಯ ಹಪ್ಪಳ ಹಾರಿಹೋದ ಕಾರಣ." "ವಿಮುವಿನ ಐವತ್ತು ಸಾವಿರ ವಾಪಸ್ಸು, ಕೆಲಸ ಆಗಲಿಲ್ಲ." ಮಹಾರಾಜರು ಮುಂದಿನ ಮನೆಯ ಮುಹೂರ್ತವನ್ನೇ ಮರೆತು, ಕಬ್ಬಿಗೆ ಕಾರಣ ಹುಡುಕಿಕೊಡುತ್ತಿದ್ದರು.

ಕೊನೆಯ ಸಾಲಿಗೆ ಬಂದಾಗ ರಮ್ಣಿಕ್‌ಲಾಲ್ ಗಟ್ಟಿಯಾಗಿ ಓದಲಿಲ್ಲ. ಹಿಂದಿನ ಪುಟ ತೆಗೆದ. ಅದರ ಹಿಂದಿನದನ್ನೂ ತೆಗೆದ. ಇಪ್ಪತ್ತೆರಡು ಪುಟವನ್ನೂ ನೋಡಿ ಕನ್ನಡಕ ಒರೆಸಿಕೊಂಡ.

"ಟಿಕೆಟ್ ರದ್ದಾಯ್ತು ಅಂತ ಹಾಕಿ ಮಾಮಾ," ಅಂದಳು ಝಂಖನಾ, ಹಿಂದಿನಿಂದ ಇಣುಕಿ.

"ಟಿಕೆಟ್ ರದ್ದಾಗತ್ತೆ. ದಾಬೇಲಿ? ತಿಂದ ದಾಬೇಲಿ ವಾಪಸ್ ತಗೊಳ್ಳೋ ಅಂಗಡಿ ಯಾವುದಿದೆ?"

"ನಾನೆಲ್ರೀ ತಿಂದೆ?" ಅಂದಳು ತರುಲತಾಬೆನ್.

"ಪುಸ್ತಕದಲ್ಲಿದೆ. ನಲವತ್ನಾಲ್ಕು."

"ಅಯ್ಯೋ, ಒಬ್ಬಳೇ ನಲವತ್ನಾಲ್ಕಾ?" ವಿಮುಬೆನ್ ಕೆನ್ನೆಗೆ ಕೈ ಇಟ್ಟಳು.

"ಅರ್ಧ ನಾನು ತಿಂದಿದ್ದೀನಿ," ಅಂದ ರಮ್ಣಿಕ್‌ಲಾಲ್, ಯಾರ ಮುಖವನ್ನೂ ನೋಡದೆ. "ಹೋಗದೆ ಬರೆದದ್ದು ಸುಳ್ಳು ಲೆಕ್ಕ ಆಗತ್ತೆ. ಹೋಗ್ಬೇಕು."

ಅಮಾವಾಸ್ಯೆ ಕಳೆದ ಐದನೇ ದಿನ, ಲಾಭಪಂಚಮಿಯ ಬೆಳಗಿನ ಬಸ್ಸಿಗೆ ಹೊರಟೇಬಿಟ್ಟರು. ಮಾಂಡ್ವಿಯ ದಂಡೆಯಲ್ಲಿ ದಾಬೇಲಿ ಮೂವತ್ತು ರೂಪಾಯಿ ಆಗಿತ್ತು. "ನಮ್ಮ ಪುಸ್ತಕದಲ್ಲಿ ಇಪ್ಪತ್ತೈದಿದೆ!" ಎಂದು ರಮ್ಣಿಕ್‌ಲಾಲ್ ಗಾಡಿಯವನ ಜೊತೆ ಹತ್ತು ನಿಮಿಷ ಜಗಳವಾಡಿ ಸೋತ. ತರುಲತಾಬೆನ್ ಅಷ್ಟರಲ್ಲಿ ಚಪ್ಪಲಿ ಬಿಟ್ಟು, ಮೊಣಕಾಲುದ್ದ ನೀರಿನಲ್ಲಿ ನಿಂತು, ನಗುತ್ತಲೂ ಅಳುತ್ತಲೂ ಇದ್ದಳು.

ಅವನು ಎರಡು ದಾಬೇಲಿ ಹಿಡಿದು, ಪ್ಯಾಂಟು ಮಡಚಿ, ಅಲೆಗೆ ಹೆದರುತ್ತಾ ಪಕ್ಕಕ್ಕೆ ಬಂದ. ಒಂದನ್ನು ಅವಳ ಕೈಗಿಟ್ಟು ಕಿಸೆಯಿಂದ ಪೆನ್ಸಿಲೂ ಚೀಟಿಯೂ ತೆಗೆದ.

"ಒಂದ್ಸಲ ಬಂದದ್ದಾಯ್ತು," ಅಂದ. "ಬಾಕಿ ಇಪ್ಪತ್ತೊಂದು."