ಗ್ಯಾರೇಜಿನ ಸೂರಿನ ಬಾಣಂತಿ

ಹಿತ್ತಿಲ ಮೆಟ್ಟಿಲ ಮೇಲೆ ನೆನೆಹಾಕಿದ್ದ ಉಪ್ಪುಮೀನು ಬೆಳಗಾಗುವುದರಲ್ಲಿ ಮಾಯವಾಗಿತ್ತು. ಬಕೆಟ್ಟಿನ ಮುಚ್ಚಳ ಒಂದು ಕಡೆ, ಅದರ ಮೇಲೆ ಹೇರಿದ್ದ ಕಲ್ಲು ಇನ್ನೊಂದು ಕಡೆ. ಫೆಲಿಸ್ಮಿನಾ ಎದೆ ಬಡಿದುಕೊಂಡಳು. ಚಳಿಗಾಲದಲ್ಲಿ ಅವಳ ಅಣ್ಣ ಅಮಾದೆವು ಸತ್ತಾಗಲೂ ಹೀಗೇ ಬಡಿದುಕೊಂಡಿದ್ದಳು. ಅವಳ ಲೆಕ್ಕದಲ್ಲಿ ದುಃಖಕ್ಕೆ ದೊಡ್ಡದು ಚಿಕ್ಕದು ಎಂಬ ಭೇದವಿರಲಿಲ್ಲ.

“ಎರಡು ದಿನದಿಂದ ನೀರು ಬದಲಾಯಿಸ್ತಾ ಬಂದಿದೀನಿ ಅತ್ತಿಗೆ! ಆ ರಕೂನ್ ಮೂಳಿ ಉಪ್ಪೆಲ್ಲಾ ಬಿಡೋ ತನಕ ಕಾದು, ಹದ ನೋಡ್ಕೊಂಡೇ ತಿಂದಿದೆ!”

“ಹೂಂ,” ಎಂದಳು ಒತೀಲಿಯಾ.

ಗಂಡ ಹೋದ ಮೇಲೆ ಅವಳ ಬಾಯಲ್ಲಿ ಉಳಿದದ್ದು ಈ ಹೂಂ ಒಂದೇ. ಶವಪೆಟ್ಟಿಗೆ ಇದಾಗಬಹುದಾ ಎಂದು ಕೇಳಿದವರಿಗೆ ಹೂಂ. ಅವನ ವ್ಯಾನು ಮಾರೋಣವಾ ಎಂದವರಿಗೆ ಹೂಂ. ನಾನು ಬಂದು ನಿನ್ನ ಜೊತೆ ಇರಲಾ ಎಂದ ನಾದಿನಿಗೂ ಹೂಂ. ಒಂದು ಹನಿ ಕಣ್ಣೀರು ಮಾತ್ರ ಬಂದಿರಲಿಲ್ಲ. ಟೊರಾಂಟೊದ ಆ ಪೋರ್ಚುಗೀಸರ ಬೀದಿಯಲ್ಲಿ ವಿಧವೆ ಕಪ್ಪು ಉಟ್ಟರೆ ಸಾಲದು, ಅತ್ತದ್ದೂ ಕಾಣಬೇಕು. ಚರ್ಚಿನ ಮೆಟ್ಟಿಲಲ್ಲಿ ಹೆಂಗಸರು ಮೂಗು ಮುರಿದರು. ತಾನು ಮರಗಟ್ಟಿಹೋದೆನೇ ಎಂಬ ಹೆದರಿಕೆ ಅವಳಿಗೂ ಇತ್ತು. ಆದರೆ ಆ ಹೆದರಿಕೆಯೂ ಪಕ್ಕದ ಮನೆಯ ಟೀವಿಯ ಹಾಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

ಅಮಾದೆವು ಸತ್ತದ್ದು ಹಿತ್ತಿಲ ಕೊನೆಯ ಗ್ಯಾರೇಜಿನಲ್ಲಿ. ಮನೆಯಲ್ಲೇ ಮಾಡಿದ ವೈನನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಬಗ್ಗಿಸಿ ಬರುತ್ತೇನೆಂದು ಬೆಳಿಗ್ಗೆ ಹೋದವನು ಊಟದ ಹೊತ್ತಾದರೂ ಬರಲಿಲ್ಲ. ಯಾರೊಡನೆಯೋ ಹರಟುತ್ತಾ ಕೂತಿರಬೇಕು, ಬಂದರೆ ಬರಲಿ ಎಂದು ಒತೀಲಿಯಾ ಸೂಪಿಗೆ ತಟ್ಟೆ ಮುಚ್ಚಿಟ್ಟಳು. ಆರಿದ್ದನ್ನು ಬಿಸಿ ಮಾಡಿದಳು, ಮತ್ತೆ ಆರಿತು, ಮತ್ತೆ ಬಿಸಿ ಮಾಡಿ ಬೈದುಕೊಂಡಳು. ಸಂಜೆಗೆ ಎದುರು ಮನೆಯ ಜಸಿಂತೊ ಗ್ಯಾರೇಜಿನ ಬಾಗಿಲು ತೆರೆದವನು ಅಲ್ಲೇ ಕೂಗಿಕೊಂಡ. ಅಂದಿನಿಂದ ಅವಳು ಆ ಕಡೆ ಕಾಲಿಟ್ಟಿರಲಿಲ್ಲ.

ಮೀನು ಹೋದ ದಿನ ಸಂಜೆ ಜಸಿಂತೊನೇ ಬಂದ. ಅವನ ಮಗಳ ಜ್ಞಾನಸ್ನಾನಕ್ಕೆ ಅಮಾದೆವು, ಒತೀಲಿಯಾ ಇಬ್ಬರೇ ತಂದೆತಾಯಿಯ ಸ್ಥಾನದಲ್ಲಿ ನಿಂತಿದ್ದರು. ಅಂದಿನಿಂದ ಒತೀಲಿಯಾ ಅವನಿಗೆ ಕೊಮಾದ್ರೆ, ನೆಂಟಳಿಗಿಂತ ಹೆಚ್ಚು. ಗ್ಯಾರೇಜಿನ ಸೂರಿನಂಚಿನ ತೂತಿನಿಂದ ಬೆಕ್ಕಿಗಿಂತ ದಪ್ಪನೆಯ ರಕೂನ್ ಇಳಿದು, ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಂಡ ಕಳ್ಳನ ಹಾಗೆ ಬೇಲಿ ಹಾರಿ ಹೋದದ್ದನ್ನು ಮೂವರೂ ನೋಡಿದರು.

“ನಮ್ಮಣ್ಣ ಒಂದನ್ನೂ ಕೊಂದೋನಲ್ಲ,” ಎಂದಳು ಫೆಲಿಸ್ಮಿನಾ. “ಬೋನಿಗೆ ಹಾಕಿ ನದಿ ಆಚೆ ಬಿಟ್ಟು ಬರ್ತಿದ್ದ.”

“ಈಗ ಹಂಗೆ ಸಾಗಿಸಿದ್ರೆ ದಂಡ ಹಾಕ್ತಾರೆ. ಹೊಡೆಯೋದೂ ಬೇಡ, ಸಾಗಿಸೋದೂ ಬೇಡ. ಹೊರಗೆ ಹೋಗಿದೆಯಲ್ಲ, ತೂತಿಗೆ ತಗಡು ಬಡಿದುಬಿಡ್ತೀನಿ. ಬಂದು ನೋಡಿ, ಬಾಗಿಲು ಹಾಕಿದೆ ಅಂತ ತಾನೇ ಹೋಗುತ್ತೆ. ಪಾಪಾನೂ ಸುತ್ಕೊಳಲ್ಲ. ಏನಂತೀರಾ ಕೊಮಾದ್ರೆ?”

“ಹೂಂ.”

“ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ,” ಎಂದು ಫೆಲಿಸ್ಮಿನಾ ಗೊಣಗಿದಳು. ಜಸಿಂತೊ ಏಣಿ ತಂದು, ಬಾಯಲ್ಲಿ ಮೊಳೆ ಕಚ್ಚಿಕೊಂಡು ತಗಡು ಬಡಿದ. ಕೆಲಸ ಅಚ್ಚುಕಟ್ಟಾಗಿತ್ತು.

ಮರುದಿನ ಹಾಡಹಗಲಲ್ಲಿ ಆ ಪ್ರಾಣಿ ಗ್ಯಾರೇಜಿನ ಮಾಡಿನ ಮೇಲಿತ್ತು. ಮನುಷ್ಯರ ಕೈಯಂಥ ಕೈಗಳಿಂದ ತಗಡಿನ ಅಂಚು ಎಳೆಯುತ್ತಿತ್ತು. ತಗಡು ಬಗ್ಗಲಿಲ್ಲ. ಬಿಳಿ ತಗಡಿನ ಮೇಲೆ ರಕ್ತದ ಗೀರು ಬಿದ್ದಿತ್ತು. ಫೆಲಿಸ್ಮಿನಾ ಬಾಣಲೆ ಬಡಿದಳು, ಶಾಪ ಹಾಕಿದಳು. ಅದು ಒಮ್ಮೆ ಇವರತ್ತ ನೋಡಿ ಮತ್ತೆ ಕೆಲಸಕ್ಕೆ ತೊಡಗಿತು.

“ಸುಮ್ನಿರು,” ಎಂದಳು ಒತೀಲಿಯಾ.

ಬಾಣಲೆ ನಿಂತಿತು. ಸೂರಿನೊಳಗಿನಿಂದ ಸಣ್ಣ ದನಿಗಳು ಕೇಳುತ್ತಿದ್ದವು. ಹಕ್ಕಿಯದೆನ್ನಬೇಕು, ಆದರೆ ಹಕ್ಕಿಯದಲ್ಲ.

“ಮರಿ ಹಾಕಿದೆ ಕಣೇ. ತಾಯಿನ ಹೊರಗಿಟ್ಟು ಬಾಗಿಲು ಹಾಕಿದೀವಿ.”

“ಅಯ್ಯೋ ನನ್ನ ಕರ್ಮ! ಜಸಿಂತೊ ಮಾಡಿದ್ದು ಅತ್ತಿಗೆ, ನೀನೇನು ಮಾಡ್ದೆ?”

“ನಾನು ಹೂಂ ಅಂದೆ.”

ನಗರಸಭೆಯ ಪ್ರಾಣಿಗಳ ವಿಭಾಗಕ್ಕೆ ತಾನೇ ಫೋನು ಹಚ್ಚಿದಳು. ಫೆಲಿಸ್ಮಿನಾ ಕಣ್ಣುಕಣ್ಣು ಬಿಟ್ಟಳು. ಇಷ್ಟು ದಿನ ಬಂದ ಫೋನನ್ನೂ ಎತ್ತದವಳು ಅತ್ತಿಗೆ. ಆ ಕಡೆಯ ಹುಡುಗಿ ನಿಧಾನವಾಗಿ ಹೇಳಿದಳು: ಎಲ್ಲಿಗೂ ಒಯ್ಯಬೇಡಿ, ತಾಯಿಯಿಲ್ಲದೆ ಉಳಿಯುವುದಿಲ್ಲ. ಕೈಗೆ ಗವಸು ಹಾಕಿ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಗೋಡೆಯ ಬುಡದಲ್ಲಿಡಿ, ಅಡಿಯಲ್ಲಿ ಬಿಸಿನೀರಿನ ಚೀಲ ಇರಲಿ. ಗ್ಯಾರೇಜಿನೊಳಗೆ ದೀಪ ಹಚ್ಚಿ, ರೇಡಿಯೋ ಜೋರಾಗಿ ಹಾಕಿ. ಈ ಜಾಗ ಸರಿಯಿಲ್ಲವೆಂದು ತಾಯಿಗೆ ಗೊತ್ತಾಗುತ್ತದೆ, ಅವಳಿಗೆ ಬೇರೆ ಮನೆಗಳಿರುತ್ತವೆ. ಇವತ್ತೇ ಆಗಬೇಕು. ಹಸಿದಿರುತ್ತವೆ.

“ಜಸಿಂತೊ ಬರ್ಲಿ, ಸಂಜೆಗೆ ನೋಡೋಣ,” ಎಂದಳು ಫೆಲಿಸ್ಮಿನಾ.

“ಸಂಜೆ ತನಕ ಕಾಯೋದು ಬೇಡ,” ಎಂದು ಒತೀಲಿಯಾ ಬೀಗದ ಕೈ ತೆಗೆದುಕೊಂಡಳು.

ಬಾಗಿಲು ತೆರೆದರೆ ಹುಳಿತ ವೈನಿನ ನಾತ ಮುಖಕ್ಕೆ ಹೊಡೆಯಿತು. ಅರ್ಧ ಬಗ್ಗಿಸಿದ ಪೀಪಾಯಿ ಹಾಗೇ ಇತ್ತು, ರಬ್ಬರು ನಳಿಗೆ ನೆಲದ ಮೇಲಿತ್ತು, ಅವನು ಕೂತ ಸ್ಟೂಲು ಮಗುಚಿತ್ತು. ಒತೀಲಿಯಾ ಎಲ್ಲವನ್ನೂ ನೋಡಿದಳು. ಏನೂ ಆಗಲಿಲ್ಲ. ಏನಾದರೂ ಆಗಬಾರದೇ ಎಂದು ಒಂದು ಗಳಿಗೆ ನಿಂತು ಕಾದಳು, ಆಗಲಿಲ್ಲ. ಸ್ಟೂಲನ್ನು ಎತ್ತಿ ನಿಲ್ಲಿಸಿ, ಒಳಗಿನ ಏಣಿ ಹತ್ತಿದಳು.

ಅಟ್ಟದಲ್ಲಿ ಹಳೆಯ ಗೋಣಿಚೀಲಗಳ ನಡುವೆ ನಾಲ್ಕು ಮರಿಗಳಿದ್ದವು. ಕಣ್ಣು ಆಗಷ್ಟೇ ಬಿಟ್ಟಿದ್ದವು. ಮೂರು ಅವಳ ಗವಸು ಚೀಪಲು ನೋಡಿದವು. ನಾಲ್ಕನೆಯದು ತಣ್ಣಗಿತ್ತು. ಮೂರನ್ನು ಗೋಡೆಯ ಬುಡದ ಪೆಟ್ಟಿಗೆಗಿಳಿಸಿ, ಅದನ್ನು ಕಪ್ಪು ಸ್ವೆಟರಿನೊಳಗೆ ಎದೆಗೆ ಒತ್ತಿಕೊಂಡು ಇಳಿದು, ಅವುಗಳ ಪಕ್ಕ ಬಿಸಿನೀರಿನ ಚೀಲದ ಮೇಲೆ ಮಲಗಿಸಿದಳು. ಚೀಲ ಆರಿತು, ಮತ್ತೆ ನೀರು ಕಾಯಿಸಿದಳು. ಹೀಗೆ ಮಧ್ಯಾಹ್ನವೆಲ್ಲ ಒಲೆಗೂ ಗ್ಯಾರೇಜಿಗೂ ಓಡಾಡಿದಳು. ಇಳಿಹೊತ್ತಿಗೆ ನಾಲ್ಕನೆಯದೂ ಕೂಗಿತು.

ಒಳಗೆ ಪೋರ್ಚುಗೀಸ್ ರೇಡಿಯೋದಲ್ಲಿ ಜಪಮಾಲೆ ಪ್ರಾರ್ಥನೆ ಮೊಳಗುತ್ತಿತ್ತು.

“ರಕೂನಿಗೂ ಪ್ರಾರ್ಥನೆ ಕೇಳಿಸ್ತಿದೀಯಾ ಅತ್ತಿಗೆ?”

“ಅದೂ ನಿನ್ನ ಹಂಗೇ. ಪ್ರಾರ್ಥನೆ ಶುರುವಾಯ್ತು ಅಂದ್ರೆ ಜಾಗ ಖಾಲಿ ಮಾಡುತ್ತೆ.”

ಫೆಲಿಸ್ಮಿನಾಗೆ ನಗಬೇಕೋ ಗಾಬರಿಯಾಗಬೇಕೋ ತಿಳಿಯಲಿಲ್ಲ.

ಹೊತ್ತು ಮುಳುಗುವಾಗ ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಅಲುಗಾಡದೆ ಕೂತರು. ತಾಯಿ ಗೋಡೆಗುಂಟ ಬಂತು. ಪೆಟ್ಟಿಗೆಯನ್ನು ಸುತ್ತು ಹಾಕಿ ಮೂಸಿ, ಒಂದು ಮರಿಯ ಕತ್ತು ಕಚ್ಚಿ ಬೇಲಿ ಹತ್ತಿತು. ಓಣಿಯಾಚೆ ಮೇಪಲ್ ಮರದ ಪೊಟರೆಯಲ್ಲಿ ಬಿಟ್ಟು ಬಂದು, ಇನ್ನೊಂದನ್ನು ಒಯ್ದಿತು. ಕುಂಟುತ್ತಿತ್ತು, ಅವಸರ ಮಾತ್ರ ಮಾಡಲಿಲ್ಲ.

“ಹೆತ್ತವರಿಗೆ ಹೆಗ್ಗಣ ಮುದ್ದು,” ಎಂದು ಫೆಲಿಸ್ಮಿನಾ ಪಿಸುಗುಟ್ಟಿದಳು. ಮೀನಿನ ಕೋಪ ಎಲ್ಲಿ ಹೋಯಿತೋ, ಮೂಗು ಒರೆಸಿಕೊಳ್ಳುತ್ತಿದ್ದಳು.

ತಣ್ಣಗಾಗಿದ್ದ ಮರಿಯೇ ಕೊನೆಗೆ ಹೋದದ್ದು. ಪೆಟ್ಟಿಗೆ ಬರಿದಾಯಿತು. ಫೆಲಿಸ್ಮಿನಾ ಏಳಹೊರಟಳು. ಆಗ ಬೇಲಿಯ ಮೇಲೆ ತಾಯಿ ಮತ್ತೆ ಕಾಣಿಸಿಕೊಂಡಿತು.

ಇಳಿದು ಬಂದು ಪೆಟ್ಟಿಗೆಯೊಳಗೆ ಎರಡೂ ಕೈ ಇಳಿಬಿಟ್ಟಿತು. ಒಂದೊಂದು ಮೂಲೆಯನ್ನೂ ತಡಕಿತು. ಬಟ್ಟೆ ಸರಿಸಿ ಅಡಿಯಲ್ಲಿ ತಡಕಿತು. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಹೊರಟುಹೋಯಿತು.

“ಎಲ್ಲಾ ಒಯ್ದಿತ್ತಲ್ಲ, ಮತ್ಯಾಕೆ ಬಂತು?” ಎಂದಳು ಫೆಲಿಸ್ಮಿನಾ.

“ನೋಡೋಕೆ.” ಒತೀಲಿಯಾಳ ದನಿ ಒಡೆದಿತ್ತು. “ಯಾರಾದ್ರೂ ಉಳಿದಿದಾರಾ ಅಂತ ನೋಡೋಕೆ ಬಂದ್ಲು. ಅವತ್ತು ಗ್ಯಾರೇಜು ಇಲ್ಲೇ ಇತ್ತು ಫೆಲಿಸ್ಮಿನಾ. ನಾನು ಒಂದ್ಸಲ ಹೋಗಿ ನೋಡ್ಲಿಲ್ಲ. ಸೂಪು ಬಿಸಿ ಮಾಡ್ತಾ ಅವನನ್ನ ಬೈತಾ ಇದ್ದೆ.”

ಫೆಲಿಸ್ಮಿನಾ ಅವಳ ಹತ್ತಿರಕ್ಕೆ ಸರಿದು ಕೂತಳು.

“ನೋಡಿದ್ರೆ ಅಣ್ಣ ಉಳೀತಿದ್ನಾ ಅತ್ತಿಗೆ?”

“ಗೊತ್ತಿಲ್ಲ,” ಎಂದಳು ಒತೀಲಿಯಾ. “ಒಬ್ನೇ ಬಿದ್ದಿದ್ದ ಕಣೇ. ನೋಡ್ಬೇಕಾಗಿತ್ತು.”